ಗೊಂಬೆಯ ಮೇಲೆ ಹೊರಿಸಿದ ಕಳವು

ಮೊಬೈಲಿನ ಗೊಂಬೆ ನೋಡಿ ಮನುಷ್ಯರನ್ನು ಬರೆಯುವುದು ಕಳವು ಎಂಬ ಮಾತು ನಮ್ಮ ಮಹಾರಾಷ್ಟ್ರ-ಕರ್ನಾಟಕ ಗಡಿಭಾಗದ ಡ್ರಾಯಿಂಗ್ ತರಗತಿಗಳಲ್ಲಿ ಬೇರೂರಿ ಕುಳಿತಿದೆ. ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಮಕ್ಕಳ ಕೈಗೂ ಈಗ ಫೋನು ಬಂದಿದೆ. ಅದರಲ್ಲಿ ಮ್ಯಾಜಿಕ್ ಪೋಸರ್‌ನಂಥ ಒಂದು ಆ್ಯಪ್ ಇಳಿಸಿಕೊಂಡರೆ ಸಾಕು, ಕೈಕಾಲು ಬಗ್ಗಿಸಬಹುದಾದ, ಸುತ್ತಲೂ ತಿರುಗಿಸಿ ನೋಡಬಹುದಾದ ಮನುಷ್ಯಾಕೃತಿಯೊಂದು ಪರದೆಯ ಮೇಲೆ ನಿಲ್ಲುತ್ತದೆ. ಅದನ್ನು ನೋಡಿ ಬರೆದ ಹುಡುಗನಿಗೆ ಸಿಗುವ ತೀರ್ಪು ಒಂದೇ: ಇದು ನಿನ್ನ ಚಿತ್ರವಲ್ಲ. ಕಣ್ಣು ಕೆಡುತ್ತದೆ, ಕೈ ಕೆಡುತ್ತದೆ, ಕಲ್ಪನೆ ಸಾಯುತ್ತದೆ ಎಂದು ಮಾಸ್ತರರು ಹೇಳುತ್ತಾರೆ. ತಂದೆತಾಯಿ ಹೌದೆನ್ನುತ್ತಾರೆ. ಸ್ಪರ್ಧೆಗಳ ತೀರ್ಪುಗಾರರೂ ಇದನ್ನೇ ಆಡುತ್ತಾರೆ. ಈ ಮಾತು ಚಿತ್ರಕಲೆಯ ಚರಿತ್ರೆಗೆ ಹೊಂದುವುದಿಲ್ಲ, ಚಿತ್ರ ಕಲಿಯುವ ಕ್ರಮಕ್ಕೂ ಹೊಂದುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಲಾಶಾಲೆಯ ಮುಖ ಕಾಣದ ಸಣ್ಣ ಊರಿನ ಮಕ್ಕಳಿಗೆ ಇದರಿಂದ ದೊಡ್ಡ ಅನ್ಯಾಯವಾಗುತ್ತಿದೆ. ಆದ್ದರಿಂದ ಇದನ್ನು ಬುಡದಿಂದಲೇ ಅಲ್ಲಗಳೆಯಬೇಕಾಗಿದೆ.

ಮೊದಲು, ಗೊಂಬೆ ಇಲ್ಲದೆ ಈಗ ನಡೆಯುತ್ತಿರುವುದೇನು ಎಂದು ನೋಡೋಣ. ಮಹಾರಾಷ್ಟ್ರದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಗ್ರೇಡ್ ಪರೀಕ್ಷೆಗಳಿಗೆ ಈ ತಾಲ್ಲೂಕುಗಳ ಮಕ್ಕಳು ಕೂರುತ್ತಾರೆ. ಇಂಟರ್‌ಮೀಡಿಯೆಟ್ ಪಾಸಾದವರಿಗೆ ಹತ್ತನೆಯ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುವುದರಿಂದ ಚಿತ್ರದಲ್ಲಿ ಆಸಕ್ತಿ ಇಲ್ಲದವರೂ ಬಂದು ಕೂರುತ್ತಾರೆ. ಈ ಪರೀಕ್ಷೆಗಳಲ್ಲಿ ಸ್ಮರಣಚಿತ್ರ ಎಂಬ ಒಂದು ಪತ್ರಿಕೆ ಇದೆ. ಸಂತೆ, ಬಸ್ ನಿಲ್ದಾಣ, ಹೊಲದ ಕೆಲಸ, ಜಾತ್ರೆ ಇಂಥ ಯಾವುದಾದರೂ ವಿಷಯವನ್ನು ನೆನಪಿನಿಂದ ಬರೆಯಬೇಕು, ಅದರಲ್ಲಿ ಮನುಷ್ಯರು ಇರಲೇಬೇಕು. ಮನುಷ್ಯರ ನಡೆ, ನಿಲುವು, ಕೂರುವಿಕೆಯನ್ನು ಗಮನಿಸಿ ಮನಸ್ಸಿನಲ್ಲಿ ಇಟ್ಟುಕೊಂಡಿರಲಿ ಎಂಬುದು ಆ ಪತ್ರಿಕೆಯ ಆಶಯ, ಒಳ್ಳೆಯ ಆಶಯವೇ. ತಯಾರಿ ಮಾತ್ರ ಬೇರೆ ಥರ ನಡೆಯುತ್ತದೆ. ಗೈಡಿನಲ್ಲಿ ಅಚ್ಚಾದ ನಾಲ್ಕೈದು ಆಕೃತಿಗಳನ್ನು ಮಕ್ಕಳು ಬಾಯಿಪಾಠ ಮಾಡಿದಂತೆ ಕೈಪಾಠ ಮಾಡುತ್ತಾರೆ. ಪಕ್ಕದಿಂದ ಕಾಣುವ ಕೊಡ ಹೊತ್ತ ಹೆಂಗಸು, ಬೆನ್ನು ತಿರುಗಿಸಿ ನಿಂತ ಛತ್ರಿಯ ಮುದುಕ, ಬಲೂನು ಮಾರುವವನು, ಅವ್ವನ ಕೈ ಹಿಡಿದ ಮಗು. ವಿಷಯ ಸಂತೆಯಾದರೂ ಇವರೇ, ಜಾತ್ರೆಯಾದರೂ ಇವರೇ, ರೈಲು ನಿಲ್ದಾಣವಾದರೂ ಇವರೇ. ಅಂಗೈ ಬರೆಯಲು ಬಾರದ ಕಾರಣ ಕೈಗಳೆಲ್ಲ ಬೆನ್ನ ಹಿಂದೆ ಹೋಗಿರುತ್ತವೆ, ಪಾದ ಬರೆಯಲು ಬಾರದ ಕಾರಣ ಎಲ್ಲರೂ ಹುಲ್ಲಿನಲ್ಲಿ ನಿಂತಿರುತ್ತಾರೆ. ಉತ್ತರ ಉರುಹೊಡೆದು ಅಂಕ ಗಳಿಸುವ ಲಾತೂರ ಪ್ಯಾಟರ್ನಿಗೆ ಹೆಸರಾದ ಜಿಲ್ಲೆಯಲ್ಲಿ ಚಿತ್ರವೂ ಉರುಹೊಡೆಯುವ ವಸ್ತುವಾಗಿದೆ.

ಬೇರೊಬ್ಬ ಬರೆದಿಟ್ಟ ಗೆರೆಯನ್ನೇ ಗೆರೆಗೆ ಗೆರೆಯಾಗಿ ನಕಲು ಮಾಡುವುದಕ್ಕೆ ಸ್ಮರಣೆ ಎಂಬ ಗೌರವ ಸಿಕ್ಕಿದೆ. ಗೊಂಬೆಯ ಸೊಂಟ ಬಗ್ಗಿಸಿ, ಅದರ ಸುತ್ತ ತಿರುಗಿ, ಬೆಳಕು ಎಲ್ಲಿ ಬೀಳಬೇಕು, ಯಾವ ಕಡೆಯಿಂದ ನೋಡಬೇಕು ಎಂದು ತಾನೇ ತೀರ್ಮಾನಿಸಿ, ಆಮೇಲೆ ತನ್ನದೇ ಗೆರೆ ಎಳೆಯುವ ಮಗುವಿಗೆ ಕಳ್ಳ ಎಂಬ ಹೆಸರು ಬಂದಿದೆ. ಈ ಎರಡರಲ್ಲಿ ನಕಲು ಯಾವುದು?

ನಿಜವಾದ ಕಲಾವಿದ ಬರೀ ಕಣ್ಣಿನಿಂದ ಬರೆಯುತ್ತಾನೆ, ಸಾಧನಗಳ ಆಸರೆ ಬೇಡುವುದಿಲ್ಲ ಎಂದು ಹೇಳುವವರು ಯಾವ ಕಲಾವಿದನ ಹೆಸರು ಹೇಳಿಯಾರು? ಫ್ಲಾರೆನ್ಸಿನ ಫ್ರಾ ಬಾರ್ತೊಲೊಮೆಯೊ ಕೀಲುಕೀಲಿಗೂ ಮಡಚಬಹುದಾದ ಆಳೆತ್ತರದ ಮರದ ಗೊಂಬೆಯನ್ನು ಬಳಸುತ್ತಿದ್ದನೆಂದು 16ನೆಯ ಶತಮಾನದಲ್ಲೇ ಕಲಾವಿದರ ಚರಿತ್ರೆಕಾರ ವಸಾರಿ ಬರೆದಿಟ್ಟಿದ್ದಾನೆ. ವೆನಿಸ್ಸಿನ ತಿಂತೊರೆತ್ತೊ ಆಕಾಶದಿಂದ ಇಳಿಯುವ ದೇಹಗಳನ್ನು ಬರೆಯಲು ಸಣ್ಣ ಗೊಂಬೆಗಳನ್ನು ದಾರ ಕಟ್ಟಿ ತೂಗುಹಾಕುತ್ತಿದ್ದ. ಫ್ರಾನ್ಸಿನ ಪೂಸಾನ್ ಮೇಣದ ಪುಟ್ಟ ಗೊಂಬೆಗಳಿಗೆ ಬಟ್ಟೆ ಉಡಿಸಿ, ಪೆಟ್ಟಿಗೆಯೊಳಗೆ ನಿಲ್ಲಿಸಿ, ಬೆಳಕು ಬಿಟ್ಟು ನೋಡುತ್ತಿದ್ದ. ಛಾಯಾಗ್ರಾಹಕ ಮೈಬ್ರಿಜ್ 1887ರಲ್ಲಿ ಚಲಿಸುವ ದೇಹಗಳ 781 ಛಾಯಾಚಿತ್ರ ಫಲಕಗಳನ್ನು ಹೊರತಂದಾಗ ಚಿತ್ರಕಾರರೇ ಅವನ್ನು ಕೊಂಡುಕೊಂಡರು. 1995ರಲ್ಲಿ ಲ್ಯಾರಿ ವೈನ್‌ಬರ್ಗ್ ಪೋಸರ್ ಎಂಬ ತಂತ್ರಾಂಶ ಹೊರಗೆ ತಂದದ್ದು ಕಲಾವಿದರ ಮೇಜಿನ ಮೇಲಿನ ಮರದ ಗೊಂಬೆಗೆ ಬದಲಿಯಾಗಿ. ಈಗಿನ ಫೋನಿನ ಗೊಂಬೆ ಅದೇ ಮರದ ಗೊಂಬೆಯ ಮೊಮ್ಮಗು.

ನಮ್ಮ ಮಾಸ್ತರರ ಗುರುಪರಂಪರೆ ಹೋಗಿ ನಿಲ್ಲುವುದು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ. 1857ರಲ್ಲಿ ಆರಂಭವಾದ ಆ ಶಾಲೆಯಲ್ಲಿ ವಿದ್ಯಾರ್ಥಿಗಳು ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ದೇಹ ಬರೆಯಲು ಕಲಿತರು. ಪ್ಲಾಸ್ಟರಿಗೆ ಜೀವ ಇರಲಿಲ್ಲ, ಅದರ ಕೈ ಎತ್ತಲೂ ಬರುತ್ತಿರಲಿಲ್ಲ. ಅದನ್ನು ನೋಡಿ ಬರೆದದ್ದಕ್ಕೆ ಯಾರೂ ಕಳವು ಎನ್ನಲಿಲ್ಲ, ಶಿಕ್ಷಣ ಎಂದರು.

ಇದೆಲ್ಲ ಹೊರಗಿನವರ ಮಾತಾಯಿತು, ನಮ್ಮದು ಧ್ಯಾನದಿಂದ ಮೂಡಿದ ಕಲೆ ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ಇಲ್ಲಿ, ಈ ನೆಲದ ಮೇಲೆ ನಿಂತು ಹೇಳುವುದು ತೀರ ತಪ್ಪು. ನಿಲಂಗಾದಿಂದ ದಕ್ಷಿಣಕ್ಕೆ ಗಡಿ ದಾಟಿದರೆ ಬಸವಕಲ್ಯಾಣ. ಅದು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 1130ರ ಆಸುಪಾಸಿನಲ್ಲಿ, ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ರಚಿಸಿದ. ಅದರಲ್ಲಿ ಚಿತ್ರದ ಕುರಿತು ದೀರ್ಘ ಭಾಗವೊಂದಿದೆ. ಅಲ್ಲಿ ರಾಜ ಹೇಳುವ ವಿಧಾನವನ್ನು ಇಂದಿನ ತಂತ್ರಾಂಶದವರು ಓದಿದರೆ ತಮ್ಮ ಕಸುಬಿನವನೇ ಬರೆದಿದ್ದಾನೆಂದು ಗುರುತು ಹಿಡಿಯುತ್ತಾರೆ. ದೇಹದ ನಡುವೆ ನೆತ್ತಿಯಿಂದ ಪಾದಗಳವರೆಗೆ ಒಂದು ಲಂಬ ಗೆರೆ, ಅದು ಬ್ರಹ್ಮಸೂತ್ರ. ಅದರ ಎರಡೂ ಮಗ್ಗುಲಿಗೆ ಒಂದೊಂದು ಪಕ್ಷಸೂತ್ರ. ದೇಹ ನೇರವಾಗಿ ನಮ್ಮ ಕಡೆ ಮುಖಮಾಡಿ ನಿಂತರೆ ಅದು ಋಜು ಸ್ಥಾನ, ಆಗ ನಡುಗೆರೆಯಿಂದ ಎರಡೂ ಪಕ್ಷಸೂತ್ರಗಳಿಗೆ ಆರಾರು ಅಂಗುಲ. ದೇಹ ತುಸು ತಿರುಗಿದರೆ ಅರ್ಧಋಜು, ಆಗ ಒಂದು ಕಡೆ 8, ಇನ್ನೊಂದು ಕಡೆ 4. ಇನ್ನೂ ತಿರುಗಿದರೆ ಸಾಚಿ, 10 ಮತ್ತು 2. ಮತ್ತೂ ತಿರುಗಿದರೆ 11 ಮತ್ತು 1. ಕೊನೆಗೆ ದೇಹ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಾಗ ಅದು ಭಿತ್ತಿಕ ಸ್ಥಾನ.

ಈ ಅಂಕಿಗಳ ಬಳಿ ಸ್ವಲ್ಪ ನಿಲ್ಲಬೇಕು. ಎರಡೂ ಕಡೆಯ ಅಳತೆ ಕೂಡಿಸಿದರೆ ಪ್ರತಿಸಲ 12 ಅಂಗುಲವೇ, ಅಂದರೆ ಒಂದು ತಾಲ. ದೇಹ ತಿರುಗಿದಷ್ಟೂ ಕಾಣುವ ಭಾಗ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಅಷ್ಟೇ ಕುಗ್ಗುತ್ತದೆ. ಗೊಂಬೆಯನ್ನು ಬೆರಳಿನಿಂದ ಎಡಕ್ಕೆ ತಿರುಗಿಸಿದಾಗ ಪರದೆಯ ಮೇಲೆ ಆಗುವುದು ಇದೇ. ಸೋಮೇಶ್ವರ ಅದನ್ನು ಲೆಕ್ಕದಲ್ಲಿ ಕಟ್ಟಿಟ್ಟ, ಇಂದು ಆ ಲೆಕ್ಕವನ್ನು ಯಂತ್ರ ಮಾಡುತ್ತದೆ. ಅವನಿಗಿಂತ ಹಳೆಯ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂಬತ್ತು ಸ್ಥಾನಗಳಿವೆ. ಈ ಹಿಗ್ಗು ಕುಗ್ಗಿಗೆ ಕ್ಷಯವೃದ್ಧಿ ಎಂಬ ಹೆಸರೂ ಅಲ್ಲಿದೆ. ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯ ಗಂಡಸರಿಗೆ 108, 106, 104, 100, 90 ಅಂಗುಲಗಳ ಐದು ಎತ್ತರಗಳಿವೆ. ಎಂದರೆ ನಮ್ಮ ಪೂರ್ವಜರು ದೇಹವನ್ನು ಅಳತೆಗಳ ಚೌಕಟ್ಟಾಗಿ ಹಿಡಿದರು, ಆ ಅಳತೆ ಬದಲಿಸಿ ಬೇರೆ ಬೇರೆ ದೇಹ ಪಡೆದರು, ಸೂತ್ರದ ಸುತ್ತ ತಿರುಗಿಸಿ ಬೇರೆ ಬೇರೆ ನೋಟ ಪಡೆದರು. ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗ ಎಂಬ ನಿಲುವುಗಳೂ ಲಂಬಸೂತ್ರದಿಂದ ದೇಹ ಎಷ್ಟು ಎಲ್ಲಿ ಸರಿಯಿತು ಎಂಬುದರ ಮೇಲೇ ನಿಂತಿವೆ. ಅಬನೀಂದ್ರನಾಥ ಠಾಕೂರರು 1914ರಲ್ಲಿ ಭಾರತೀಯ ದೇಹರಚನೆಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಈ ತಾಲಮಾನವನ್ನೂ ಭಂಗಗಳನ್ನೂ ಹೊಸ ಕಲಾವಿದರಿಗೆ ತಿಳಿಸಿಕೊಡಲೆಂದೇ ವಿವರಿಸಿದರು.

ನಿಲಂಗಾದ ನೀಲಕಂಠೇಶ್ವರ ಗುಡಿಯ ಗೋಡೆಯ ಸುಂದರಿಯರು, ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತ ಶಿಲಾಬಾಲಿಕೆ, ಇವೆಲ್ಲ ಆ ಅಳತೆಯ ಜ್ಞಾನ ಬೆಳೆದ ನೆಲದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯಲ್ಲಿದ್ದವು. ಗಡಿಗೆರೆ ಆಮೇಲೆ ಬಂತು, ಶಿಲ್ಪಿಗಳ ಸೂತ್ರ ಅದಕ್ಕಿಂತ ಎಂಟು ಶತಮಾನ ಹಳೆಯದು. ಆ ಶಿಲ್ಪಿ ಅಳೆದು ಕೆತ್ತಿದ. ಅಳೆದದ್ದರಿಂದ ಅವನ ಕಲ್ಪನೆ ಸಾಯಲಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ನಾಲ್ಕು ಪದ ಟೈಪು ಮಾಡಿದರೆ ಪೂರ್ತಿ ಚಿತ್ರವನ್ನೇ ಹುಟ್ಟಿಸಿಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದ ಮೇಲೆ ಗೊಂಬೆಯ ಆ್ಯಪನ್ನೂ ಅದರ ಜೊತೆ ಒಂದೇ ಮೂಟೆಯಲ್ಲಿ ಕಟ್ಟಲಾಗುತ್ತಿದೆ. ಗೊಂಬೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಮುಖಭಾವ ಕೊಡುವುದಿಲ್ಲ, ಸೀರೆಯ ನೆರಿಗೆ ಕೊಡುವುದಿಲ್ಲ, ಕಥೆ ಕೊಡುವುದಿಲ್ಲ. ಅದು ಕೊಡುವುದು ಮೂರು ಆಯಾಮಗಳಲ್ಲಿ ನಿಂತ ಒಂದು ದೇಹದ ಇರವನ್ನು ಮಾತ್ರ. ಕಾಗದದ ಮೇಲೆ ನಡೆಯಬೇಕಾದ ಕೆಲಸವೆಲ್ಲ ಬರೆಯುವವನ ಪಾಲಿಗೇ ಉಳಿಯುತ್ತದೆ.

ವಿರೋಧಿಗಳ ಮಾತಿನಲ್ಲಿ ಒಂದಂಶ ಸತ್ಯ. ಗೊಂಬೆ ನೋಡಿ ಬರೆದ ಚಿತ್ರಗಳು ಹಲವು ಸಲ ಸತ್ತಂತೆ ಕಾಣುತ್ತವೆ. ಹೆಗಲು ಬಿಗಿದಿರುತ್ತದೆ, ಪಾದ ನೆಲಕ್ಕೆ ಅಂಟಿರುವುದಿಲ್ಲ, ಮನುಷ್ಯ ಅಂಗಡಿಯ ಬಟ್ಟೆ ಗೊಂಬೆಯಂತೆ ನಿಂತಿರುತ್ತಾನೆ. ಇದನ್ನು ತೋರಿಸಿ ಅವರು ತಂತ್ರಾಂಶವೇ ಅಪರಾಧಿ ಎನ್ನುತ್ತಾರೆ. ಆದರೆ ಆ ಚಿತ್ರ ಯಾಕೆ ಸತ್ತಿತೆಂದು ಬಿಡಿಸಿ ನೋಡಿದರೆ ಪ್ರತಿಸಲ ಸಿಗುವುದು ಹೇಳಿಕೊಡದ ಪಾಠ. ಕಳವು ಎಂದು ಬಾಗಿಲು ಹಾಕಿದ ಮೇಲೆ ಅದರ ಬಳಕೆಯನ್ನು ಯಾರು ಕಲಿಸುತ್ತಾರೆ? ಮಗು ಕದ್ದುಮುಚ್ಚಿ ಆ್ಯಪ್ ತೆರೆಯುತ್ತದೆ, ಸಿದ್ಧವಾಗಿರುವ ಭಂಗಿಗಳ ಪಟ್ಟಿಯಿಂದ ಒಂದನ್ನು ಆರಿಸುತ್ತದೆ, ಹೊರಗೆರೆಯನ್ನು ಎತ್ತಿ ಕಾಗದಕ್ಕೆ ಇಳಿಸುತ್ತದೆ, ಮುಚ್ಚಿಡುತ್ತದೆ. ಆ ಸಿದ್ಧ ಭಂಗಿಗಳಲ್ಲಿ ಕತ್ತಿ ಬೀಸುವವರು, ಹಾರುವವರು, ಸೊಂಟದ ಮೇಲೆ ಕೈಯಿಟ್ಟು ನಿಂತ ಮಾಡೆಲ್‌ಗಳು ತುಂಬಿರುತ್ತಾರೆ. ಸೋಯಾಬೀನ್ ಹೊಲದಲ್ಲಿ ಕಳೆ ತೆಗೆಯುವ ಹೆಂಗಸು ಅವುಗಳಲ್ಲಿ ಇರುವುದಿಲ್ಲ. ಅವಳನ್ನು ನಾವೇ ಕೂರಿಸಬೇಕು.

ಕೂರಿಸುವುದು ಹೇಗೆಂದು ನೋಡಿದರೆ ಈ ಸಾಧನ ಎಷ್ಟು ಕಲಿಸಬಲ್ಲದೆಂಬುದು ತಿಳಿಯುತ್ತದೆ. ಹೆಚ್ಚಿನವರು ಗೊಂಬೆಯ ಅಂಗೈ ಹಿಡಿದು ಎಳೆಯುತ್ತಾರೆ, ತೋಳು ಹಿಂಬಾಲಿಸುತ್ತದೆ, ಮುಂಡ ಮಾತ್ರ ಗೂಟದಂತೆ ಹಾಗೇ ಉಳಿಯುತ್ತದೆ. ಬಿಗಿದ ಚಿತ್ರದ ಮೂಲ ಇಲ್ಲಿದೆ. ಕೆಲಸ ಸೊಂಟದಿಂದ ಆರಂಭವಾಗಬೇಕು. ಸೊಂಟ ಇಳಿಸಿ, ಪಾದಗಳನ್ನು ನೆಲಕ್ಕೆ ಕಟ್ಟಿ, ಆಮೇಲೆ ಎದೆಗೂಡು ಮುಂದಕ್ಕೆ ಬಾಗಿಸಿ, ಆಮೇಲೆ ಹೆಗಲು, ಆಮೇಲೆ ಕತ್ತು, ಕೈಗಳು ಕಡೆಗೆ. ಕಳೆ ತೆಗೆಯುವವಳು ಎರಡೂ ಪಾದದ ಮೇಲೆ ಸಮನಾಗಿ ಕೂತಿರುವುದಿಲ್ಲ. ಕುಕ್ಕರಗಾಲಿನಲ್ಲೇ ಮುಂದೆ ಮುಂದೆ ಸರಿಯುತ್ತಾಳೆ, ಒಂದು ಮೊಣಕಾಲು ಮೇಲಿರುತ್ತದೆ, ಇನ್ನೊಂದು ನೆಲದತ್ತ ಬಾಗಿರುತ್ತದೆ, ಮೈಭಾರ ಒಂದು ಪಾದದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಎಡಗೈ ಕಳೆಯ ಬುಡ ಹಿಡಿದಿರುತ್ತದೆ, ಬಲಗೈಯಲ್ಲಿ ಕುರಪಿ. ಈ ಒಂದು ಕೂರುವಿಕೆಯನ್ನು ಗೊಂಬೆಯಲ್ಲಿ ಸರಿಯಾಗಿ ಕಟ್ಟಲು ಹೊರಟ ಮಗು ಹೊಲಕ್ಕೆ ಹೋಗಿ ತನ್ನ ಅವ್ವನನ್ನು ಮತ್ತೆ ನೋಡಲೇಬೇಕಾಗುತ್ತದೆ. ಗೊಂಬೆ ಕಣ್ಣನ್ನು ಸಾಯಿಸುತ್ತದೆ ಎಂಬ ಆರೋಪ ಇಲ್ಲಿ ತಲೆಕೆಳಗಾಗುತ್ತದೆ. ಬಲ ಹಿಮ್ಮಡಿ ನೆಲಕ್ಕಿತ್ತೇ, ಎತ್ತಿತ್ತೇ ಎಂಬ ಪ್ರಶ್ನೆ ಗೊಂಬೆಯ ಕಾಲು ಮಡಚುವವರೆಗೆ ಆ ಮಗುವಿಗೆ ಹುಟ್ಟಿರಲೇ ಇಲ್ಲ.

ಗೊಂಬೆಗೆ ಭಾರ ಎಂಬುದಿಲ್ಲ. ಒಂಟಿಕಾಲಿನಲ್ಲಿ ಬಿದ್ದುಹೋಗುವಂಥ ನಿಲುವಿನಲ್ಲಿಟ್ಟರೂ ಅದು ಬೀಳುವುದಿಲ್ಲ. ಭಾರವನ್ನು ಬರೆಯುವವನೇ ತರಬೇಕು. ಅದಕ್ಕೆ ಹಳೆಯ ಪರೀಕ್ಷೆ ಇದೆ: ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಮನುಷ್ಯನಲ್ಲಿ ಕತ್ತಿನ ಗುಳಿಯಿಂದ ಇಳಿಬಿಟ್ಟ ಗೆರೆ ಭಾರ ಹೊತ್ತ ಪಾದದ ಹರಡಿನ ಹತ್ತಿರ ಬೀಳಬೇಕು. ಆ ಕಾಲಿನ ಕಡೆ ಸೊಂಟ ಏರುತ್ತದೆ, ಹೆಗಲು ಅದೇ ಕಡೆ ಇಳಿಯುತ್ತದೆ. ತ್ರಿಭಂಗದ ಗುಟ್ಟು ಇದೇ. ಫೋನಿನ ಪರದೆಯ ಮೇಲೆ ಒಂದು ದಾರ ಇಳಿಬಿಟ್ಟು ಇದನ್ನು ನೋಡಬಹುದು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ ಇಟ್ಟು ನಡೆಯುವವಳಲ್ಲಿ ತಲೆ, ಕತ್ತು ಅಲುಗದೆ ನಿಂತಿರುತ್ತವೆ, ಹೆಜ್ಜೆಯ ಏರಿಳಿತವನ್ನೆಲ್ಲ ಸೊಂಟ ಮತ್ತು ಮೊಣಕಾಲು ನುಂಗಿಕೊಳ್ಳುತ್ತವೆ. ಗೈಡಿನ ಕೊಡದ ಹೆಂಗಸಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ.

ಹೆಗಲಿನ ವಿಷಯವಂತೂ ಎಲ್ಲ ಅಗ್ಗದ ಆ್ಯಪ್‌ಗಳ ದೌರ್ಬಲ್ಯ. ನಾವು ತೋಳನ್ನು ಪಕ್ಕದಿಂದ ಪೂರ್ತಿ ಮೇಲೆತ್ತಿದಾಗ ಸಾಗುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಹೆಗಲ ಕೀಲಿನದು, ಉಳಿದ 60 ಬೆನ್ನ ಮೇಲಿನ ಹೆಗಲ ಹಲಗೆ ತಿರುಗುವುದರಿಂದ ಬರುತ್ತದೆ. ಕೊರಳೆಲುಬೂ ಜೊತೆಗೆ ಏಳುತ್ತದೆ. ಸರಳ ಗೊಂಬೆಯಲ್ಲಿ ತೋಳು ಒಂದೇ ಏಳುತ್ತದೆ, ಹಲಗೆ ಮಲಗಿಯೇ ಇರುತ್ತದೆ. ಲೇಜಿಮ್ ಆಡುವವರನ್ನೋ ಕುಸ್ತಿ ಗೆದ್ದು ಕೈಯೆತ್ತಿದ ಪೈಲ್ವಾನನನ್ನೋ ಬರೆಯುವಾಗ ಇದು ಎದ್ದು ಕಾಣುತ್ತದೆ. ಬ್ಲೆಂಡರ್‌ನಂಥ ದೊಡ್ಡ ತಂತ್ರಾಂಶದಲ್ಲಿ, ಕ್ಲಿಪ್ ಸ್ಟುಡಿಯೊ ಪೇಂಟಿನ ಗೊಂಬೆಯಲ್ಲಿ ಹೆಗಲನ್ನು ಬೇರೆಯಾಗಿ ಎತ್ತಿ ತಿದ್ದಬಹುದು. ಫೋನಿನ ಆ್ಯಪಿನಲ್ಲಿ ಆಗದಿದ್ದರೆ ಕಾಗದದ ಮೇಲೆ ತಿದ್ದಬೇಕು, ಕನ್ನಡಿಯ ಮುಂದೆ ಅಂಗಿ ಕಳೆದು ಕೈಯೆತ್ತಿ ನೋಡಿ ತಿದ್ದಬೇಕು. ಪೂರ್ತಿ ಮಡಚಿದ ಮೊಣಕಾಲಿನಲ್ಲೂ ಹೀಗೇ. ನಿಜದಲ್ಲಿ ತೊಡೆಯೂ ಮೀನಖಂಡವೂ ಒತ್ತಿಕೊಂಡು ಹರಡುತ್ತವೆ, ಗೊಂಬೆಯಲ್ಲಿ ಒಂದರೊಳಗೊಂದು ತೂರಿಕೊಳ್ಳುತ್ತವೆ. ಕುರ್ಚಿಯ ಮೇಲೆ ಕೂರುವ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಗೊಂಬೆಗಳಿವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ, ರೊಟ್ಟಿ ಬಡಿಯುವ, ಹಿಟ್ಟು ನಾದುವ ನಮ್ಮ ದೇಹಕ್ಕೆ ಬಂದಾಗ ಇವು ಸೋಲುತ್ತವೆ. ಸೋಲುವ ಜಾಗ ಗೊತ್ತಿರುವವನಿಗೆ ಸಾಧನ ಅಪಾಯವಲ್ಲ.

ಆ್ಯಪಿನೊಳಗಿನ ಕ್ಯಾಮೆರಾದ ಮಾತು ಯಾರೂ ಆಡುವುದಿಲ್ಲ. ಗೊಂಬೆಯನ್ನು ತೀರ ಹತ್ತಿರದಿಂದ ಅಗಲ ಕೋನದಲ್ಲಿ ನೋಡಿದರೆ ಮುಂದೆ ಚಾಚಿದ ಕೈ ತಲೆಯಷ್ಟಾಗುತ್ತದೆ, ಕಾಲು ಮಕ್ಕಳ ಕಾಲಿನಂತಾಗುತ್ತದೆ. ಕೋನ ಕಿರಿದು ಮಾಡಿ, ದೂರ ಸರಿದು ನೋಡಬೇಕು. ಇನ್ನೂ ಮುಖ್ಯವಾದದ್ದು ಕಣ್ಣಿನ ಮಟ್ಟ. ಒಂದೇ ನೆಲದ ಮೇಲೆ ಮೂರು ಗೊಂಬೆಗಳನ್ನು ಒಂದನ್ನು ಹತ್ತಿರ, ಎರಡನ್ನು ದೂರ ನಿಲ್ಲಿಸಿ ನೋಡಿದರೆ ದಿಗಂತದ ಗೆರೆ ಮೂವರನ್ನೂ ದೇಹದ ಒಂದೇ ಎತ್ತರದಲ್ಲಿ ದಾಟುತ್ತದೆ, ಹತ್ತಿರದವನ ಎದೆಯ ಮೇಲೆ ಹಾದರೆ ದೂರದವನ ಎದೆಯ ಮೇಲೂ ಹಾಯುತ್ತದೆ. ಸ್ಮರಣಚಿತ್ರಗಳಲ್ಲಿ ಅತಿ ಹೆಚ್ಚು ಕೆಡುವುದು ಇದೇ ಜಾಗ. ಹಿಂದಿನ ಮನುಷ್ಯ ಗಾಳಿಯಲ್ಲಿ ತೇಲುತ್ತಾನೆ, ಇಲ್ಲವೆ ಕುಳ್ಳನಾಗುತ್ತಾನೆ. ಕರಿಹಲಗೆಯ ಮೇಲೆ ತಿಂಗಳು ಹಿಡಿಯುವ ಪಾಠ ಪರದೆಯ ಮೇಲೆ ಮೂರು ಗೊಂಬೆ ನಿಲ್ಲಿಸಿದ ಮಧ್ಯಾಹ್ನವೊಂದರಲ್ಲಿ ತಲೆಗೆ ಹೋಗುತ್ತದೆ.

ಸ್ಮರಣೆ ಬೆಳೆಯಬೇಕೆಂಬ ಕಾಳಜಿ ಇರುವವರಿಗೂ ಗೊಂಬೆ ನೆರವಾಗುತ್ತದೆ. ಭಂಗಿ ಕಟ್ಟಿ, ಎರಡು ನಿಮಿಷ ನೋಡಿ, ಫೋನು ಬೋರಲು ಹಾಕಿ ಬರೆಯಲಿ. ಆಮೇಲೆ ತೆರೆದು ಹೋಲಿಸಲಿ. ಅದೇ ಭಂಗಿಯನ್ನು ಸೋಮೇಶ್ವರನ ಐದು ಸ್ಥಾನಗಳಲ್ಲಿ ತಿರುಗಿಸಿ ಐದು ಸಲ ಬರೆಯಲಿ. ಎತ್ತರದ ಅಳತೆಯನ್ನೂ ಬದಲಿಸಲಿ. ಹೆಚ್ಚಿನ ಗೊಂಬೆಗಳು ಎಂಟು ತಲೆಯ ಎತ್ತರದವು. ಅದು 1943ರಲ್ಲಿ ಚಿತ್ರಕಾರ ಲೂಮಿಸ್ ತನ್ನ ಪುಸ್ತಕದಲ್ಲಿ ಮಾದರಿಯಾಗಿ ಹಾಕಿಕೊಟ್ಟ ಜಾಹೀರಾತಿನ ಎತ್ತರ. ಸಾಮಾನ್ಯ ಮನುಷ್ಯ ಏಳೂವರೆ ತಲೆಯವನು, ಬೆನ್ನು ಬಾಗಿದ ಅಜ್ಜಿ ಅದಕ್ಕೂ ಕಡಿಮೆ. ಮೇಕ್‌ಹ್ಯೂಮನ್ ಎಂಬ ಉಚಿತ ತಂತ್ರಾಂಶದಲ್ಲಿ ವಯಸ್ಸು, ಮೈಕಟ್ಟು, ಎತ್ತರ ಬದಲಿಸಲು ಪಟ್ಟಿಗಳಿವೆ. ಹಂಸನಿಂದ ಶಶಕನವರೆಗೆ ಐದು ದೇಹ ಕೊಟ್ಟ ಪರಂಪರೆಯವರಿಗೆ ಇದು ಹೊಸದೇನಲ್ಲ.

ಗೊಂಬೆ ಎಲ್ಲವನ್ನೂ ಕಲಿಸುತ್ತದೆ ಎಂದು ನಾನು ವಾದಿಸುತ್ತಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಜೆ.ಜೆ.ಯಲ್ಲಿ ಕಲಿತ ಕೆ.ಕೆ. ಹೆಬ್ಬಾರರು ನರ್ತಕರನ್ನು ಬರೆಯುವ ಸಲುವಾಗಿ ಕಥಕ್ ನೃತ್ಯವನ್ನೇ ಕಲಿತರು. ನೃತ್ಯ ತಿಳಿಯದವನಿಗೆ ಚಿತ್ರ ತಿಳಿಯದು ಎಂದು ಋಷಿ ಮಾರ್ಕಂಡೇಯ ರಾಜ ವಜ್ರನಿಗೆ ಹೇಳುವ ಮಾತು ಚಿತ್ರಸೂತ್ರದ ಬಾಗಿಲಲ್ಲೇ ಇದೆ. ಭಂಗಿಯನ್ನು ತನ್ನ ಮೈಯಲ್ಲಿ ಆಡಿ ನೋಡದವನಿಗೆ ಯಾವ ತಂತ್ರಾಂಶವೂ ಜೀವ ಕೊಡುವುದಿಲ್ಲ. ಆದರೆ ಗೊಂಬೆಯನ್ನು ಬೈಯುವ ತರಗತಿಗಳಲ್ಲಿ ಮಕ್ಕಳಿಗೆ ಎದ್ದು ನಿಂತು ಆ ಭಂಗಿ ಹಿಡಿಯಿರಿ ಎಂದು ಹೇಳುವವರು ಎಷ್ಟು ಜನ? ಬೆಂಚಿನ ಮೇಲೆ ಕೂರಿಸಿ ಗೈಡು ತೆರೆಸುವವರೇ ಹೆಚ್ಚು. ಹೆಬ್ಬಾರರ ಹೆಸರು ಹಿಡಿದು ಗೊಂಬೆಯನ್ನು ಬೈಯುವ ಹಕ್ಕು ಹೆಬ್ಬಾರರಂತೆ ಮೈ ದುಡಿಸುವವರಿಗೆ ಮಾತ್ರ ಇದೆ.

ಅತಿ ದೊಡ್ಡ ಅನ್ಯಾಯದ ಮಾತು ಇನ್ನೂ ಬಾಕಿ ಇದೆ. ಜೀವಂತ ಮನುಷ್ಯರನ್ನು ನೋಡಿ ಬರೆಯಿರಿ, ಅದೇ ನಿಜವಾದ ಅಭ್ಯಾಸ ಎಂಬ ಉಪದೇಶ ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಸರಿ. ಕಲಾಶಾಲೆಗಳು ಮಾಡೆಲ್‌ಗಳಿಗೆ ಕೂಲಿ ಕೊಟ್ಟು ಗಂಟೆಗಟ್ಟಲೆ ಕೂರಿಸುತ್ತವೆ. ಶಿರೂರ ಅನಂತಪಾಳದ ಎಂಟನೆಯ ತರಗತಿಯ ಹುಡುಗಿಗೆ ಯಾರು ಕೂರುತ್ತಾರೆ? ಅವ್ವನಿಗೆ ಹೊಲ, ಮನೆ, ದನ. ಅಣ್ಣ ಎರಡು ನಿಮಿಷ ನಿಂತಾನು. ಹುಡುಗ ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಪುಸ್ತಕ ಹಿಡಿದು ಕೂತು ಜನರನ್ನು ನೋಡಿ ಬರೆಯಬಹುದು. ಹುಡುಗಿ ಅಲ್ಲಿ ಕೂತು ಗುರುತಿಲ್ಲದ ಗಂಡಸರ ಮೈಯನ್ನು ದಿಟ್ಟಿಸಿ ನೋಡುತ್ತ ಬರೆದರೆ ಮನೆಗೆ ದೂರು ಬರುತ್ತದೆ. ಗಂಡು ದೇಹದ ರಚನೆಯನ್ನು, ಎದೆ, ಬೆನ್ನು, ಹೆಗಲಿನ ಸ್ನಾಯುಗಳನ್ನು ಅವಳು ಎಲ್ಲಿ ಕಲಿಯಬೇಕು? ಯಾರ ಅಪ್ಪಣೆಯೂ ಇಲ್ಲದೆ, ಯಾರ ಕಣ್ಣಿಗೂ ಬೀಳದೆ, ರಾತ್ರಿ ಮನೆಗೆಲಸ ಮುಗಿದ ಮೇಲೆ ಅವಳು ಸುತ್ತಲೂ ತಿರುಗಿ ನೋಡಬಹುದಾದ ಮಾನವದೇಹ ಎಂದರೆ ಆ ಪರದೆಯ ಗೊಂಬೆಯೊಂದೇ. ಅದನ್ನೂ ಕಳವು ಎಂದು ಕಿತ್ತುಕೊಂಡರೆ ಮನುಷ್ಯರನ್ನು ಬರೆಯುವ ಕಲೆಯಿಂದಲೇ ಅವಳನ್ನು ಹೊರಗಿಟ್ಟಂತೆ. ಶುದ್ಧ ಅಭ್ಯಾಸದ ಉಪದೇಶ ಕೇಳಲು ಚೆನ್ನ, ಅದರ ಬೆಲೆಯನ್ನು ತೆರುವವರು ಇಂಥ ಹುಡುಗಿಯರು.

ಬಾಗಿಲು ಹಾಕುವುದಕ್ಕೆ ಬದಲು ಮಾಡಬೇಕಾದ ಕೆಲಸ ಕೈತುಂಬ ಇದೆ. ಗಡಿಯ ಎರಡೂ ಕಡೆಯ ಚಿತ್ರಕಲಾ ಶಿಕ್ಷಕರು ಸೇರಿ ನಮ್ಮ ಭಂಗಿಗಳ ಒಂದು ಸಂಗ್ರಹ ಕಟ್ಟಬಹುದು. ಕಳೆ ತೆಗೆಯುವುದು, ರೊಟ್ಟಿ ಬಡಿಯುವುದು, ಕಬ್ಬು ಕಡಿಯುವುದು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತು ಪಂಢರಪುರಕ್ಕೆ ನಡೆಯುವುದು, ಪಾಯಿಖಾನೆಯ ಕುಕ್ಕರಗಾಲು ಕೂಡ. ಬಹಳಷ್ಟು ತಂತ್ರಾಂಶಗಳಲ್ಲಿ ಕಟ್ಟಿದ ಭಂಗಿಯನ್ನು ಉಳಿಸಿಟ್ಟು ಇನ್ನೊಬ್ಬರಿಗೆ ಕೊಡಬಹುದು. ಬ್ಲೆಂಡರ್ ಉಚಿತ, ಮೇಕ್‌ಹ್ಯೂಮನ್ ಉಚಿತ. ಶಾಲೆಯ ಗಣಕಯಂತ್ರದ ಕೋಣೆಗೆ ಬೀಗ ಹಾಕಿಡುವ ಬದಲು ವಾರಕ್ಕೊಂದು ದಿನ ಚಿತ್ರದ ತರಗತಿಗೆ ತೆರೆದುಕೊಟ್ಟರೆ ಸಾಕು.

ಕಲಾ ಸಂಚಾಲನಾಲಯದ ಮುಂದೆಯೂ ಒಂದು ಬೇಡಿಕೆ ಇಡಬೇಕು. ಸ್ಮರಣಚಿತ್ರದ ಪ್ರಶ್ನೆಗೆ ಒಂದೇ ಒಂದು ಸಾಲು ಸೇರಿಸಲಿ: ನಿಮ್ಮ ಚಿತ್ರದಲ್ಲಿರುವ ಒಬ್ಬ ವ್ಯಕ್ತಿಯನ್ನು ಅದೇ ಭಂಗಿಯಲ್ಲಿ, ಇನ್ನೊಂದು ಮಗ್ಗುಲಿನಿಂದ ಕಾಣುವಂತೆ, ಪಕ್ಕದಲ್ಲಿ ಸಣ್ಣದಾಗಿ ಬರೆಯಿರಿ. ಗೈಡಿನ ಕೊಡದ ಹೆಂಗಸನ್ನು ಒಂದೇ ಪಕ್ಕದಿಂದ ಕೈಪಾಠ ಮಾಡಿಕೊಂಡು ಬಂದವರಿಗೆ ಅವಳ ಬೆನ್ನು ಹೇಗಿದೆಯೆಂಬುದು ಗೊತ್ತಿರುವುದಿಲ್ಲ. ಗೊಂಬೆಯನ್ನು ತಿರುಗಿಸಿ ತಿರುಗಿಸಿ ಬರೆದ ಮಗುವಿಗೆ ಗೊತ್ತಿರುತ್ತದೆ.